ಮಾಸ್ ಲ್ಯಾಂಡಿಂಗ್‌ನ ಬೆಂಕಿ ಮತ್ತು ಊರವರ ಪ್ರಶ್ನೆ

ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿರುವ ನಮ್ಮ ಮನೆಯಿಂದ ಕಡಲ ಕಡೆ ಹೊರಟರೆ ದಾರಿಯುದ್ದಕ್ಕೂ ಸ್ಟ್ರಾಬೆರಿ, ಆರ್ಟಿಚೋಕ್ ಹೊಲಗಳು. ಮಾಸ್ ಲ್ಯಾಂಡಿಂಗ್ ವಿದ್ಯುತ್ ಸ್ಥಾವರದ ಜೋಡಿ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಹಿಂದೆ ಟರ್ಬೈನ್‌ಗಳಿದ್ದ ಅಲ್ಲಿನ ಹಳೆಯ ಕಟ್ಟಡದೊಳಗೆ ವಿಸ್ಟ್ರಾ ಕಂಪನಿ 300 ಮೆಗಾವಾಟ್‌ನ ಲಿಥಿಯಂ ಬ್ಯಾಟರಿಗಳನ್ನು ಜೋಡಿಸಿತ್ತು. 2025ರ ಜನವರಿ 16ರಂದು ಅದಕ್ಕೆ ಬೆಂಕಿ ಬಿತ್ತು. ಸುಮಾರು 1,200 ಮಂದಿ ಮನೆ ಬಿಟ್ಟು ಹೋಗಬೇಕಾಯಿತು, ಕರಾವಳಿಯ ಹೆದ್ದಾರಿ ಬಂದ್ ಆಯಿತು. ನಾವು ಕಿಟಕಿಗಳನ್ನೆಲ್ಲ ಹಾಕಿಕೊಂಡು ಮಕ್ಕಳನ್ನು ಒಳಗೇ ಕೂರಿಸಿದೆವು. ಬಾಯೆಲ್ಲ ಲೋಹದ ರುಚಿ ಎಂದು ನೆರೆಯಾಕೆ ಫೋನಿನಲ್ಲಿ ಹೇಳುತ್ತಿದ್ದರು.

ಅಗ್ನಿಶಾಮಕ ದಳದವರು ಅಲ್ಲೇ ಇದ್ದರು, ಆದರೆ ನೀರು ಹಾಯಿಸಲಿಲ್ಲ. ಉರಿದು ತಾನೇ ಆರಲಿ ಎಂದು ಬಿಟ್ಟರು. ಊರವರಿಗೆ ಇದು ಅರ್ಥವಾಗಲಿಲ್ಲ. ಆದರೆ ಅದಕ್ಕೆ ಕಾರಣವಿತ್ತು. ಲಿಥಿಯಂ ಸೆಲ್ ಒಂದು ಮಿತಿಮೀರಿ ಕಾದರೆ ಅದರೊಳಗಿನ ರಾಸಾಯನಿಕಗಳೇ ಒಡೆದು ಇನ್ನಷ್ಟು ಶಾಖ, ಉರಿಯುವ ಅನಿಲ ಹೊರಬರುತ್ತದೆ. ಆ ಶಾಖಕ್ಕೆ ಪಕ್ಕದ ಸೆಲ್ ಹೊತ್ತಿಕೊಳ್ಳುತ್ತದೆ, ಅದರಿಂದ ಮತ್ತೊಂದು. ಆರಿತು ಅಂದುಕೊಂಡ ಮೇಲೂ ಮತ್ತೆ ಹೊತ್ತಬಹುದು. ಇಲ್ಲಿ ಹಾಗೇ ಆಯಿತು, ಫೆಬ್ರವರಿ 18ರಂದು.

ಗಾಳಿಯಲ್ಲಿ ವಿಷಾನಿಲ ಅಪಾಯದ ಮಟ್ಟ ಮೀರಿಲ್ಲವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳಿತು. ಬೆಂಕಿ ಬಿದ್ದ ಜನವರಿಯಲ್ಲೇ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಪಕ್ಕದ ಎಲ್ಕ್‌ಹಾರ್ನ್ ಸ್ಲೂ ಜೌಗಿನ ಮೇಲ್ಮಣ್ಣಿನಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ವಿಪರೀತ ಹೆಚ್ಚಿದೆ ಎಂದರು. ಕಡಲ ನೀರುನಾಯಿಗಳು ಆಡುವ ಜಾಗವದು. ಗಾಳಿಯ ಮಾತು ಬೇರೆ, ಮಣ್ಣಿನ ಮಾತು ಬೇರೆ, ಎರಡೂ ನಿಜವಿರಬಹುದು. ಆದರೆ ಹಿತ್ತಲಲ್ಲಿ ಸೊಪ್ಪು ಬೆಳೆಯುವವರಿಗೆ ಅದನ್ನು ಬಿಡಿಸಿ ಹೇಳುವವರು ಬೇಕಿತ್ತು.

ನಾನು ಬ್ಯಾಟರಿಯ ವಿರೋಧಿಯಲ್ಲ. ಹಗಲಿನ ಸೋಲಾರ್ ಕರೆಂಟನ್ನು ರಾತ್ರಿಗೆ ಉಳಿಸಲು ಅದು ಬೇಕೇ ಬೇಕು. ಸ್ಥಾಪಿತ ಸಾಮರ್ಥ್ಯಕ್ಕೆ ಹೋಲಿಸಿದರೆ ಇಂಥ ಅವಘಡಗಳು ಕೆಲವೇ ವರ್ಷಗಳಲ್ಲಿ ತೀರಾ ಕಡಿಮೆಯಾಗಿವೆ ಎಂಬುದೂ ನಿಜ. ನನ್ನ ತಕರಾರು ಒಂದೇ: ಅಷ್ಟೊಂದು ಬ್ಯಾಟರಿಯನ್ನು ಒಂದೇ ಸೂರಿನಡಿ ತುಂಬಿದ್ದು. ನಮ್ಮ ಹಳ್ಳಿಯ ರೈತ ಬಣವೆಗಳನ್ನು ಅಂತರ ಬಿಟ್ಟು ಒಟ್ಟುವುದು ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಾದರೂ ಉಳಿಯಲಿ ಎಂದೇ. ಹೊಸ ಘಟಕಗಳಲ್ಲಿ ಬ್ಯಾಟರಿಗಳು ಬಯಲಿನಲ್ಲಿ, ಬೇರೆ ಬೇರೆ ಕಂಟೇನರ್‌ಗಳಲ್ಲಿರುತ್ತವೆ. ನಿಕ್ಕಲ್-ಕೋಬಾಲ್ಟ್ ಬದಲು ಶಾಖವನ್ನು ಹೆಚ್ಚು ತಾಳುವ ಲಿಥಿಯಂ ಐರನ್ ಫಾಸ್ಫೇಟ್ ಬಳಸುವುದೂ ಹೆಚ್ಚಿದೆ. ಹಾಗೆಂದು ಅದು ಉರಿಯುವುದೇ ಇಲ್ಲ ಎಂದಲ್ಲ.

ಬೆಂಕಿ ಆರಿಸಲು ಬರುವವರಿಗೂ ಸರಿಯಾದ ಮಾಹಿತಿ ಬೇಕು. 2019ರ ಏಪ್ರಿಲ್‌ನಲ್ಲಿ ಅರಿಜೋನಾದ ಸರ್‌ಪ್ರೈಸ್ ಎಂಬಲ್ಲಿ, 2 ಮೆಗಾವಾಟ್‌ನ ಪುಟ್ಟ ಬ್ಯಾಟರಿ ಘಟಕದ ಬಾಗಿಲು ತೆರೆದ ಅಗ್ನಿಶಾಮಕ ಸಿಬ್ಬಂದಿಯ ಮುಂದೆಯೇ ಒಳಗೆ ಕೂಡಿಕೊಂಡಿದ್ದ ಅನಿಲ ಸಿಡಿಯಿತು. ನಾಲ್ವರಿಗೆ ತೀವ್ರ ಗಾಯವಾಯಿತು. ಬಾಗಿಲು ಯಾವಾಗ ತೆರೆಯಬೇಕು, ತೆರೆಯಬಾರದು ಎಂಬುದು ಅವರಿಗೆ ಮೊದಲೇ ತಿಳಿದಿರಬೇಕಿತ್ತು.

ಪಾವಗಡದಂಥ ಸೋಲಾರ್ ಪಾರ್ಕ್‌ಗಳಿರುವ ಕರ್ನಾಟಕಕ್ಕೂ ದೊಡ್ಡ ಬ್ಯಾಟರಿಗಳು ಬೇಕಾಗುತ್ತವೆ. ನಿಮ್ಮೂರಿನ ಹತ್ತಿರ ಅಂಥದ್ದು ಬರುವುದಾದರೆ ದಯವಿಟ್ಟು ಗ್ರಾಮಸಭೆಯಲ್ಲಿ ಎದ್ದು ಕೇಳಿ: ಒಳಗಿರುವುದು ಯಾವ ಬಗೆಯ ಬ್ಯಾಟರಿ, ಕಂಟೇನರ್‌ಗಳ ನಡುವೆ ಎಷ್ಟು ಅಂತರ, ಹೊಗೆ ಎದ್ದರೆ ನಮಗೆ ಯಾರು ತಿಳಿಸುತ್ತಾರೆ, ತಾಲ್ಲೂಕಿನ ಅಗ್ನಿಶಾಮಕ ಠಾಣೆಯವರು ಜಾಗಕ್ಕೆ ಬಂದು ನೋಡಿದ್ದಾರೆಯೇ? ಉತ್ತರವನ್ನು ಬರಹದಲ್ಲೇ ಪಡೆಯಿರಿ.