ಹಡಗಿನ ಮೇಲಿಳಿಯುವ ಸ್ವದೇಶಿ ಯುದ್ಧವಿಮಾನ: ಅದು ತಯಾರಾಗುವುದು ಹೇಗೆ?

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಆಸುಪಾಸಿನವರು ತೇಜಸ್ ಯುದ್ಧವಿಮಾನವನ್ನು ಎಷ್ಟೋ ಸಲ ನೋಡಿರುತ್ತೀರಿ. ಕಣ್ಣಿಗೆ ಬೀಳದಿದ್ದರೂ ಕಿವಿಗಂತೂ ಬಿದ್ದಿರುತ್ತದೆ. ಅದೇ ತೇಜಸ್‌ಗೆ ನೌಕಾಪಡೆಯ ಆವೃತ್ತಿಯೂ ಒಂದಿದೆ. ಹೆಸರು ಎಲ್‌ಸಿಎ ನೇವಿ. ಅದು ಸಮುದ್ರದ ನಡುವೆ ಹಡಗಿನ ಮೇಲೆ ಇಳಿದಿದೆ, ಅಲ್ಲಿಂದಲೇ ಹಾರಿದೆ. ಆದರೂ ನೌಕಾಪಡೆ ಅದನ್ನು ಕೊಳ್ಳಲಿಲ್ಲ. ಫ್ರಾನ್ಸಿನ ರಫೇಲ್ ತರಿಸಲು ಸಹಿ ಹಾಕಿತು. ‘ಹಾಗಾದರೆ ಇಷ್ಟು ವರ್ಷ ಮಾಡಿದ್ದೆಲ್ಲ ದಂಡವೇ?’ ಎಂದು ನೀವು ಕೇಳಬಹುದು. ದಂಡವಲ್ಲ ಎಂಬುದು ನನ್ನ ಅಭಿಪ್ರಾಯ. ಯಾಕೆಂದು ತಿಳಿಯಲು ಈ ವಿಮಾನದ ಕೆಲಸ ಎಂಥದ್ದು ಎಂಬುದನ್ನು ಮೊದಲು ನೋಡಬೇಕು.

ನಮ್ಮ ನೌಕಾಪಡೆಗೆ ಈಗ ಎರಡು ವಿಮಾನವಾಹಕ ನೌಕೆಗಳಿವೆ. ಒಂದು ರಷ್ಯಾದಿಂದ ಕೊಂಡು 2013ರಲ್ಲಿ ಸೇವೆಗೆ ಸೇರಿಸಿಕೊಂಡ ಐಎನ್‌ಎಸ್ ವಿಕ್ರಮಾದಿತ್ಯ. ಅದರ ನೆಲೆ ನಮ್ಮ ಕಾರವಾರ. ಇನ್ನೊಂದು ಕೊಚ್ಚಿ ಹಡಗುಕಟ್ಟೆಯಲ್ಲಿ ಕಟ್ಟಿದ ಐಎನ್‌ಎಸ್ ವಿಕ್ರಾಂತ್. ಅದು 2022ರ ಸೆಪ್ಟೆಂಬರ್ 2ರಂದು ಸೇವೆಗೆ ಬಂತು. ವಿಕ್ರಾಂತ್‌ನ ಒಟ್ಟು ಉದ್ದ 262 ಮೀಟರ್. ನೆಲದ ಮೇಲಿನ ರನ್‌ವೇಗಳ ಉದ್ದ ಕಿಲೋಮೀಟರ್ ಲೆಕ್ಕದಲ್ಲಿರುತ್ತದೆ. ಹಡಗಿನಲ್ಲಿ ಹಾರಲು ಸಿಗುವುದು ಸುಮಾರು 200 ಮೀಟರ್, ಇಳಿದು ನಿಲ್ಲಲು ಸುಮಾರು 100 ಮೀಟರ್. ಅದೂ ಓಲಾಡುವ, ಮುಂದಕ್ಕೆ ಚಲಿಸುತ್ತಲೇ ಇರುವ ಜಾಗ.

ಮೊದಲು ಹಾರುವುದನ್ನು ನೋಡೋಣ. ವಿಮಾನ ಡೆಕ್ ಮೇಲೆ, ಅಂದರೆ ಹಡಗಿನ ಮೇಲ್ಗಡೆಯ ಅಂಗಳದಲ್ಲಿ, ತನ್ನ ಗುರುತಿಗೆ ಬಂದು ನಿಲ್ಲುತ್ತದೆ. ಚಕ್ರಗಳ ಮುಂದೆ ಡೆಕ್‌ನೊಳಗಿಂದ ತಡೆಗಳು ಮೇಲೇಳುತ್ತವೆ. ಪೈಲಟ್ ಆಫ್ಟರ್‌ಬರ್ನರ್ ಹಾಕುತ್ತಾರೆ. ಎಂಜಿನ್ನಿನ ಹಿಂಬದಿಯ ಬಿಸಿ ಗಾಳಿಗೆ ಮತ್ತಷ್ಟು ಇಂಧನ ಸುರಿದು ಉರಿಸಿ ನೂಕುಬಲ ಹೆಚ್ಚಿಸುವ ವ್ಯವಸ್ಥೆ ಅದು. ಎಂಜಿನ್ ಪೂರ್ತಿ ಬಲಕ್ಕೆ ಬಂದ ಮೇಲೆ ತಡೆಗಳು ಕೆಳಗಿಳಿಯುತ್ತವೆ. ವಿಮಾನ ಓಡುತ್ತದೆ. ಹಡಗಿನ ಮೂತಿ ಸುಮಾರು 14 ಡಿಗ್ರಿ ಮೇಲಕ್ಕೆ ಬಾಗಿರುತ್ತದೆ. ಇದಕ್ಕೆ ಸ್ಕೀ ಜಂಪ್ ಎನ್ನುತ್ತಾರೆ. ಆ ಏರನ್ನು ದಾಟಿ ಹೊರಬಿದ್ದಾಗಲೂ ವಿಮಾನಕ್ಕೆ ಸರಿಯಾಗಿ ಹಾರುವಷ್ಟು ವೇಗ ಬಂದಿರುವುದಿಲ್ಲ. ಮೇಲ್ಮುಖವಾಗಿ ಚಿಮ್ಮಿದ್ದರಿಂದ ಕೆಲವೇ ಸೆಕೆಂಡುಗಳ ಕಾಲಾವಕಾಶ ಸಿಗುತ್ತದೆ, ಅಷ್ಟರೊಳಗೆ ವೇಗ ಗಳಿಸಬೇಕು. ಎಲ್‌ಸಿಎ ನೇವಿಯಲ್ಲಿ ಈ ಹೊತ್ತಿನಲ್ಲಿ ಪೈಲಟ್ ನಿಯಂತ್ರಣದ ಕೋಲನ್ನು ಮುಟ್ಟುವುದೇ ಇಲ್ಲ. ಮೂತಿಯನ್ನು ಎಷ್ಟು ಎತ್ತಬೇಕೆಂಬುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಆ ತಂತ್ರಾಂಶ ಬರೆದದ್ದು ಬೆಂಗಳೂರಿನಲ್ಲಿ.

ಅಮೆರಿಕದ ಹಡಗುಗಳಲ್ಲಿ ವಿಮಾನವನ್ನು ಎಳೆದೆಸೆಯುವ ಕ್ಯಾಟಪಲ್ಟ್ ಯಂತ್ರ ಇದೆಯಲ್ಲ ಎಂದು ಕೆಲವರಿಗೆ ಅನ್ನಿಸಿರಬಹುದು. ನಮ್ಮ ಎರಡೂ ಹಡಗುಗಳಲ್ಲಿ ಅದಿಲ್ಲ. ಹೊತ್ತ ಪ್ರತಿಯೊಂದು ಕಿಲೋವನ್ನೂ ವಿಮಾನ ತನ್ನ ಎಂಜಿನ್ನಿನ ಬಲದಿಂದಲೇ ಎತ್ತಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಇಳಿಯುವುದು ಇನ್ನೂ ಕಷ್ಟ. ನೆಲದ ರನ್‌ವೇಯಲ್ಲಿ ಪೈಲಟ್ ಕೊನೆಯ ಗಳಿಗೆಯಲ್ಲಿ ಮೂತಿ ಎತ್ತಿ ಚಕ್ರಗಳನ್ನು ಹಗುರವಾಗಿ ತಾಗಿಸುತ್ತಾರೆ. ಹಡಗಿನಲ್ಲಿ ಹಾಗೆ ಮಾಡಿದರೆ ಇಳಿಯಬೇಕಾದ ಜಾಗ ದಾಟಿಹೋಗುತ್ತದೆ. ಆದ್ದರಿಂದ ಒಂದೇ ಇಳಿಜಾರಿನಲ್ಲಿ ಬಂದು ಡೆಕ್‌ಗೆ ಬಡಿಯಬೇಕು. ಸಾಮಾನ್ಯ ಯುದ್ಧವಿಮಾನದ ಕಾಲುಗಳು ಸೆಕೆಂಡಿಗೆ ಸುಮಾರು 3 ಮೀಟರ್ ವೇಗದ ಇಳಿತವನ್ನು ತಡೆದುಕೊಂಡರೆ ಸಾಕು. ಹಡಗಿನ ವಿಮಾನದ ಕಾಲುಗಳು ಅದರ ಎರಡು ಪಟ್ಟಿಗೂ ಮೀರಿದ ಹೊಡೆತ ತಿನ್ನಬೇಕು.

ಡೆಕ್ ಮೇಲೆ ಅಡ್ಡಲಾಗಿ ಉಕ್ಕಿನ ಹಗ್ಗಗಳಿರುತ್ತವೆ. ನಮ್ಮ ಹಡಗುಗಳಲ್ಲಿ ಇವು ಮೂರು. ವಿಮಾನದ ಬಾಲದಡಿಯಲ್ಲಿ ಅರೆಸ್ಟರ್ ಹುಕ್ ಇರುತ್ತದೆ, ಅಂದರೆ ತಡೆಕೊಕ್ಕೆ. ಅದು ಮೂರರಲ್ಲಿ ಒಂದು ಹಗ್ಗವನ್ನು ಹಿಡಿಯಬೇಕು. ಇಲ್ಲೊಂದು ವಿಚಿತ್ರವಿದೆ. ಚಕ್ರ ತಾಗಿದ ಕೂಡಲೇ ಪೈಲಟ್ ಎಂಜಿನ್ ಇಳಿಸುವುದಿಲ್ಲ, ಬದಲಿಗೆ ಏರಿಸುತ್ತಾರೆ! ಕೊಕ್ಕೆಗೆ ಹಗ್ಗ ಸಿಗದಿದ್ದರೆ ಅದೇ ಓಟದಲ್ಲಿ ಮತ್ತೆ ಮೇಲೇಳಬೇಕಲ್ಲ, ಅದಕ್ಕೆ. ಇಳಿಯುವ ಪಟ್ಟಿಯನ್ನು ಹಡಗಿನ ನೇರಕ್ಕಲ್ಲದೆ ಓರೆಯಾಗಿ ಹಾಕಿರುವುದೂ ಅದೇ ಕಾರಣಕ್ಕೆ. ಮುಂದೆ ನಿಲ್ಲಿಸಿರುವ ವಿಮಾನಗಳಿಗೆ ಡಿಕ್ಕಿಯಾಗಬಾರದು. ಹಗ್ಗ ಸಿಕ್ಕಿತೆನ್ನಿ. ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿದ್ದ ವಿಮಾನ ಎರಡೂವರೆ ಸೆಕೆಂಡಿನಲ್ಲಿ ನಿಂತುಬಿಡುತ್ತದೆ. ಆ ಎಳೆತವೆಲ್ಲ ಬೀಳುವುದು ಬಾಲದ ಒಂದೇ ಬಿಂದುವಿನ ಮೇಲೆ. ಹಿಂಭಾಗದ ಚೌಕಟ್ಟು ಗಟ್ಟಿಯಿಲ್ಲದಿದ್ದರೆ ಕೊಕ್ಕೆಯಷ್ಟೇ ಅಲ್ಲ, ಬಾಲವೇ ಕಿತ್ತು ಬಂದೀತು.

ಈಗ ತೇಜಸ್ ಕಥೆಗೆ ಬರೋಣ. ಬೆಂಗಳೂರಿನಲ್ಲಿರುವ ಎಡಿಎ, ಅಂದರೆ ವೈಮಾನಿಕ ಅಭಿವೃದ್ಧಿ ಸಂಸ್ಥೆ, ವಾಯುಪಡೆಗಾಗಿ ತೇಜಸ್ ವಿನ್ಯಾಸ ಮಾಡಿತು. ಮೊದಲ ಹಾರಾಟ 2001ರ ಜನವರಿ 4ರಂದು ಆಯಿತು. ನೌಕಾ ಆವೃತ್ತಿಗೆ ಸರ್ಕಾರ ಒಪ್ಪಿಗೆ ಕೊಟ್ಟದ್ದು 2003ರಲ್ಲಿ. ಇರುವ ವಿಮಾನಕ್ಕೇ ಗಟ್ಟಿ ಕಾಲು, ಕೊಕ್ಕೆ ಸೇರಿಸಿದರೆ ಆಯಿತು ಎಂಬ ಆಲೋಚನೆ. ಡೆಕ್ ಸರಿಯಾಗಿ ಕಾಣಲೆಂದು ಪೈಲಟ್‌ನ ಮುಂದಿರುವ ಮೂತಿಯನ್ನು ಕೆಳಕ್ಕೆ ಬಗ್ಗಿಸಿದರು. ನಿಧಾನವಾಗಿ ಬರುವಾಗಲೂ ಗಾಳಿ ಎತ್ತಿ ಹಿಡಿಯಲೆಂದು ರೆಕ್ಕೆಯ ಬುಡದಲ್ಲಿ ಮೇಲೆ ಕೆಳಗೆ ತಿರುಗುವ ಹಲಗೆಗಳನ್ನು ಕೂರಿಸಿದರು. ಇವಕ್ಕೆ ಲೆವ್‌ಕಾನ್ ಎಂದು ಹೆಸರು. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಲೇಪ ಹಾಕುವ ಕೆಲಸ ಬೇರೆ.

ಆದರೆ ಇದು ಒಂದಂತಸ್ತಿಗೆಂದು ಹಾಕಿದ ಪಾಯದ ಮೇಲೆ ಮೂರಂತಸ್ತು ಏರಿಸುವಂಥ ಕೆಲಸ. ಕಾಲು ಗಟ್ಟಿಯಾದರೆ ತೂಕ ಏರುತ್ತದೆ, ತೂಕ ಏರಿದರೆ ಕಾಲು ಇನ್ನಷ್ಟು ಗಟ್ಟಿಯಾಗಬೇಕು. ಎಂಜಿನ್ ಮಾತ್ರ ಅದೇ ಒಂದು, ಅಮೆರಿಕದ ಜಿಇ ಕಂಪನಿಯ ಎಫ್-404. ವಿಮಾನ ಹಡಗಿನಿಂದ ಹಾರಬಲ್ಲದು, ಆದರೆ ಸಾಕಷ್ಟು ಇಂಧನ, ಸಾಕಷ್ಟು ಕ್ಷಿಪಣಿ ಎರಡನ್ನೂ ಹೊತ್ತು ಹಾರಲಾರದು. 2016ರ ಡಿಸೆಂಬರಿನಲ್ಲಿ ಅಂದಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಇದನ್ನು ಬಹಿರಂಗವಾಗಿಯೇ ಹೇಳಿದರು: ಈ ವಿಮಾನದ ತೂಕ ಜಾಸ್ತಿ, ನಮ್ಮ ಅಗತ್ಯಕ್ಕೆ ಸಾಲದು.

ಆಮೇಲೂ ಎಡಿಎ ಮತ್ತು ಎಚ್‌ಎಎಲ್ ತಂಡ ಪರೀಕ್ಷೆ ನಿಲ್ಲಿಸಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಾಣುವುದು. ಗೋವಾದ ಐಎನ್‌ಎಸ್ ಹಂಸ ನೆಲೆಯಲ್ಲಿ ಹಡಗಿನ ಡೆಕ್‌ನಂತೆಯೇ ಏರು, ಹಗ್ಗ ಎಲ್ಲವನ್ನೂ ನೆಲದ ಮೇಲೆ ಕಟ್ಟಿದ್ದಾರೆ. ಅಲ್ಲಿ 2014ರ ಡಿಸೆಂಬರ್ 20ರಂದು ಸ್ಕೀ ಜಂಪ್‌ನಿಂದ ಮೊದಲ ಹಾರಾಟ ನಡೆದಿತ್ತು. 2019ರ ಸೆಪ್ಟೆಂಬರ್ 13ರಂದು ಕೊಕ್ಕೆ ಮೊದಲ ಬಾರಿಗೆ ಹಾರಾಟದಿಂದ ಇಳಿದು ಹಗ್ಗ ಹಿಡಿಯಿತು. 2020ರ ಜನವರಿ 11ರಂದು ಕಮೊಡೋರ್ ಜೈದೀಪ್ ಮಾವಳಂಕರ್ ಅದನ್ನು ವಿಕ್ರಮಾದಿತ್ಯದ ಮೇಲೆ ಇಳಿಸಿದರು. ಮರುದಿನ ಅಲ್ಲಿಂದಲೇ ಹಾರಿತು. 2023ರ ಫೆಬ್ರವರಿಯಲ್ಲಿ ಹೊಸ ವಿಕ್ರಾಂತ್ ಮೇಲೂ ಇಳಿಯಿತು. ಹೀಗೆ ಹಡಗಿನ ಮೇಲಿಳಿಯುವ ಜೆಟ್ ಯುದ್ಧವಿಮಾನವನ್ನು ತಾವೇ ಮಾಡಿ ಇಳಿಸಿದ ದೇಶಗಳನ್ನು ಬೆರಳಲ್ಲಿ ಎಣಿಸಬಹುದು. ಕಾಲು ಎಷ್ಟು ಗಟ್ಟಿಯಿರಬೇಕು, ಕೊಕ್ಕೆ ಎಲ್ಲಿರಬೇಕು, ಡೆಕ್ ಹತ್ತಿರದ ಗಾಳಿಯ ಸುಳಿಯಲ್ಲಿ ಕಂಪ್ಯೂಟರ್ ಏನು ಮಾಡಬೇಕು ಎಂಬ ಲೆಕ್ಕವನ್ನು ಯಾವ ದೇಶವೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನಮ್ಮ ಬಳಿ ಈಗ ಅದು ಇದೆ.

ಆ ಲೆಕ್ಕ ಬಳಸಿ ರೂಪಿಸುತ್ತಿರುವುದೇ ಟಿಇಡಿಬಿಎಫ್. ಹೆಸರು ಬಾಯಿಗೆ ಕಷ್ಟ, ಅರ್ಥ ಸುಲಭ: ಎರಡು ಎಂಜಿನ್ನಿನ, ಡೆಕ್‌ನಿಂದ ಹಾರುವ ಯುದ್ಧವಿಮಾನ. 2021ರ ಏರೋ ಇಂಡಿಯಾದಲ್ಲಿ ಇದರ ಮಾದರಿ ಇಟ್ಟಿದ್ದರು. ಇದು ನೆಲದ ವಿಮಾನಕ್ಕೆ ತೇಪೆ ಹಾಕಿದ್ದಲ್ಲ, ಹಡಗಿಗೆಂದೇ ಮೊದಲಿನಿಂದ ಬರೆದ ನಕ್ಷೆ. ಎರಡು ಎಫ್-414 ಎಂಜಿನ್, ಹಾರುವಾಗ ಸುಮಾರು 26 ಟನ್ ತೂಕ, ಮೂತಿಯ ಹಿಂದೆ ಕೆನಾರ್ಡ್ ಎಂಬ ಪುಟ್ಟ ರೆಕ್ಕೆಗಳು. ದೊಡ್ಡ ರೆಕ್ಕೆ ಮಡಚಿಕೊಳ್ಳುತ್ತದೆ. ಇದು ಚಿಕ್ಕ ವಿಷಯವೆನ್ನಿಸಬಹುದು. ಆದರೆ ವಿಮಾನಗಳನ್ನು ಹಡಗಿನ ಹೊಟ್ಟೆಯಲ್ಲಿರುವ ಕೊಟ್ಟಿಗೆಗೆ ಲಿಫ್ಟ್‌ನಲ್ಲಿ ಇಳಿಸಬೇಕು. ರಫೇಲ್‌ನ ರೆಕ್ಕೆ ಮಡಚುವುದಿಲ್ಲ, ನಮ್ಮ ಲಿಫ್ಟ್‌ಗಳನ್ನು ಕಟ್ಟಿದ್ದು ನೌಕಾಪಡೆ ಈಗ ಹಾರಿಸುತ್ತಿರುವ ಮಿಗ್-29ಕೆ ಅಳತೆಗೆ.

ಆ ಮಿಗ್‌ಗಳ ಕಥೆ ಸಣ್ಣದಾಗಿ ಹೇಳಿಬಿಡುತ್ತೇನೆ. ರಷ್ಯಾದಿಂದ ಒಟ್ಟು 45 ಕೊಂಡೆವು. ಅವುಗಳಲ್ಲಿ ಒಂಟಿ ಆಸನದ ವಿಮಾನಗಳ ಪೈಕಿ ಹಾರಲು ಸಿದ್ಧವಿರುತ್ತಿದ್ದದ್ದು ಶೇ 16ರಿಂದ 38ರಷ್ಟು ಮಾತ್ರ ಎಂದು ಮಹಾಲೇಖಪಾಲರ 2016ರ ವರದಿ ಹೇಳಿತು. ಬಿಡಿಭಾಗಕ್ಕೆ ಹೊರದೇಶದ ಬಾಗಿಲಲ್ಲಿ ಕಾಯುವ ಪಾಡು ನೌಕಾಪಡೆಗೆ ಹೊಸದಲ್ಲ.

‘ಎಂಜಿನ್ ಅಮೆರಿಕದ್ದಾದರೆ ಇದೆಂಥ ಸ್ವದೇಶಿ?’ ನ್ಯಾಯವಾದ ಪ್ರಶ್ನೆ. ಬೆಂಗಳೂರಿನದೇ ಜಿಟಿಆರ್‌ಇ ಸಂಸ್ಥೆ ಕಾವೇರಿ ಎಂಬ ಎಂಜಿನ್ ಮಾಡಲು 1989ರಿಂದ ಹೆಣಗಿತು. ನೂಕುಬಲ ಸಾಲದೆ ಅದನ್ನು ತೇಜಸ್‌ನಿಂದ ಬೇರ್ಪಡಿಸಬೇಕಾಯಿತು. ವಾಯುಪಡೆಯ ತೇಜಸ್‌ಗಾಗಿ 2021ರಲ್ಲಿ ಕೇಳಿದ 99 ಎಂಜಿನ್‌ಗಳಲ್ಲಿ ಮೊದಲನೆಯದನ್ನು ಜಿಇ ಒಪ್ಪಿಸಿದ್ದು 2025ರ ಮಾರ್ಚಿನಲ್ಲಿ. ಎಂಜಿನ್ ನಮ್ಮದಾಗುವವರೆಗೆ ಈ ಕೊರತೆ ಇದ್ದೇ ಇರುತ್ತದೆ. ಆದರೆ ವಿನ್ಯಾಸ ಮತ್ತು ತಂತ್ರಾಂಶ ನಮ್ಮ ಕೈಯಲ್ಲಿದ್ದರೆ ಹೊಸ ಕ್ಷಿಪಣಿ ಸೇರಿಸಲು, ಹಳೆಯ ರೇಡಾರ್ ಬದಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಸ್ವದೇಶಿ ಎನ್ನುವುದಕ್ಕೆ ಸದ್ಯಕ್ಕೆ ಇಷ್ಟೇ ಅರ್ಥ, ಇದೂ ಕಡಿಮೆಯದಲ್ಲ.

ಇನ್ನು ಖರ್ಚು. ಎಲ್‌ಸಿಎ ನೇವಿಯ ಮೊದಲ ಹಂತಕ್ಕೆ 2003ರಲ್ಲಿ ಮಂಜೂರಾದದ್ದು ಸುಮಾರು 949 ಕೋಟಿ ರೂಪಾಯಿ, ಪರಿಷ್ಕರಿಸಿದಾಗ ಅದು ಸುಮಾರು 1,715 ಕೋಟಿಗೆ ಏರಿತು. 2025ರ ಏಪ್ರಿಲಿನಲ್ಲಿ ಸಹಿಯಾದ 26 ರಫೇಲ್ ನೌಕಾ ವಿಮಾನಗಳ ಒಪ್ಪಂದ ಸುಮಾರು 63,000 ಕೋಟಿಯದು. ಎರಡನ್ನೂ ನೇರವಾಗಿ ಹೋಲಿಸಬೇಡಿ. ರಫೇಲ್ ಮೊತ್ತದಲ್ಲಿ ಶಸ್ತ್ರ, ತರಬೇತಿ, ನಿರ್ವಹಣೆ ಎಲ್ಲ ಸೇರಿದೆ. ಎಲ್‌ಸಿಎ ಮೊತ್ತ ಮೂಲಮಾದರಿಗಳಿಗಷ್ಟೇ. ಟಿಇಡಿಬಿಎಫ್‌ಗೆ ಎಷ್ಟಾದೀತು ಎಂಬ ಅಂದಾಜಿಗೆ ಬೇಕಾದರೆ ಇದನ್ನು ನೋಡಿ: ವಾಯುಪಡೆಗೆಂದು ಎಡಿಎ ರೂಪಿಸುತ್ತಿರುವ ಎರಡು ಎಂಜಿನ್ನಿನ ಎಎಂಸಿಎ ವಿಮಾನದ ಅಭಿವೃದ್ಧಿಗೆ 2024ರಲ್ಲಿ ಸಂಪುಟ ಸಮಿತಿ ಒಪ್ಪಿದ ಮೊತ್ತ ಸುಮಾರು 15,000 ಕೋಟಿ. ಸಮಯವೂ ಖರ್ಚೇ. 2001ರಲ್ಲಿ ಹಾರಿದ ತೇಜಸ್‌ನ ಮೊದಲ ಸ್ಕ್ವಾಡ್ರನ್ ಸಿದ್ಧವಾದದ್ದು 2016ರ ಜುಲೈನಲ್ಲಿ.

ಇದೆಲ್ಲವನ್ನು ಕಣ್ಣಾರೆ ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು? ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತದೆ, ಸಾರ್ವಜನಿಕರಿಗೆ ಟಿಕೆಟ್ ಇರುತ್ತದೆ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಎಚ್‌ಎಎಲ್ ವಸ್ತುಸಂಗ್ರಹಾಲಯವಿದೆ. ಗೋವಾದ ಬೋಗ್ಮಾಲೊ ರಸ್ತೆಯ ನೌಕಾ ವಿಮಾನ ಸಂಗ್ರಹಾಲಯದಲ್ಲಿ ಹಳೆಯ ವಿಕ್ರಾಂತ್‌ನಿಂದ 1971ರ ಯುದ್ಧದಲ್ಲಿ ಹಾರಿದ ಜಾತಿಯ ಸೀ ಹಾಕ್ ವಿಮಾನ ಇದೆ. ಅದರ ಬಾಲದಡಿ ಬಗ್ಗಿ ನೋಡಿ, ಕೊಕ್ಕೆ ಸಿಗುತ್ತದೆ. ಕಾರವಾರದ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕ ನಿಲ್ಲಿಸಿರುವ ಭಾರಿ ಟುಪೊಲೆವ್ ವಿಮಾನ ನೌಕಾಪಡೆಯದ್ದೇ, ಆದರೆ ಅದು ಹಡಗಿನ ಮೇಲೆ ಇಳಿಯುವಂಥದ್ದಲ್ಲ. ಮಕ್ಕಳು ಕೇಳಿದರೆ ಹೇಳಲು ಇರಲಿ.

ಟಿಇಡಿಬಿಎಫ್‌ನ ಅಭಿವೃದ್ಧಿ ಪೂರ್ತಿಯಾಗಿ ಶುರುವಾಗಬೇಕಾದರೆ ಭದ್ರತಾ ವ್ಯವಹಾರಗಳ ಸಂಪುಟ ಸಮಿತಿ ಹಣ ಮಂಜೂರು ಮಾಡಬೇಕು. ಅದು ತಡವಾದಷ್ಟೂ ಕೊಕ್ಕೆ, ಕಾಲುಗಳ ಲೆಕ್ಕ ಬಲ್ಲ ಎಂಜಿನಿಯರುಗಳು ನಿವೃತ್ತರಾಗುತ್ತ ಹೋಗುತ್ತಾರೆ. ಮುಂದಿನ ಏರೋ ಇಂಡಿಯಾದಲ್ಲಿ ಟಿಇಡಿಬಿಎಫ್ ಮಾದರಿಯ ಎದುರು ನಿಂತಾಗ ‘ಯಾವಾಗ ಹಾರುತ್ತದೆ?’ ಎಂದು ಕೇಳಬೇಡಿ. ‘ಮಂಜೂರಾತಿ ಯಾವ ಹಂತದಲ್ಲಿದೆ?’ ಎಂದು ಕೇಳಿ.