ಆಕ್ಸಿರಿಂಕಸ್ ಪ್ರಹಸನ ಮತ್ತು ಕನ್ನಡ: ಒಂದು ಮರುಪರಿಶೀಲನೆ

ಚೆನ್ನೈ ನಗರದ ಕನ್ನಡಿಗರಾದ ನಾವು ಭಾಷೆಯ ಪ್ರಾಚೀನತೆಯ ವಿಷಯವನ್ನು ಎತ್ತಿದಾಗಲೆಲ್ಲ, ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ನಾಟಕವೊಂದರಲ್ಲಿ ಕನ್ನಡ ವಾಕ್ಯಗಳಿವೆ ಎಂಬ ಮಾತನ್ನು ತಪ್ಪದೆ ಮುಂದಿಡುತ್ತೇವೆ. ಇದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ನೆರೆಯ ತಮಿಳರಿಗೆ ಸಂಘ ಸಾಹಿತ್ಯವಿದೆ. ಯವನರ ಹಡಗುಗಳು ಚಿನ್ನ ತಂದು ಮುಚಿರಿಯಿಂದ ಮೆಣಸು ಕೊಂಡೊಯ್ದುದನ್ನು ಅಗನಾನೂರು ವರ್ಣಿಸುತ್ತದೆ. ಈಜಿಪ್ತಿನ ಕೆಂಪು ಸಮುದ್ರದ ದಂಡೆಯಲ್ಲಿ ತಮಿಳು-ಬ್ರಾಹ್ಮಿಯ ಅಕ್ಷರಗಳಿರುವ ಮಡಕೆಯ ಚೂರುಗಳೂ ದೊರೆತಿವೆ. ನಮಗಾದರೋ ಬಹುಕಾಲ ಮೊದಲನೆಯದೆಂದು ಎಣಿಸಲಾದದ್ದು ಹಲ್ಮಿಡಿ ಶಾಸನ, ಅದರ ಕಾಲ ಸುಮಾರು 450. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಾಗ ಅದನ್ನು ಪ್ರಶ್ನಿಸಿದ ವ್ಯಾಜ್ಯವು ಇದೇ ನಗರದ ಉಚ್ಚ ನ್ಯಾಯಾಲಯದಲ್ಲಿ 2016ರವರೆಗೆ ನಡೆಯಿತೆಂಬುದನ್ನು ವಾಚಕರು ಮರೆತಿರಲಾರರು. ಇಂತಹ ಸನ್ನಿವೇಶದಲ್ಲಿ ಹಲ್ಮಿಡಿಗಿಂತ ಮುನ್ನೂರು ವರ್ಷ ಹಿಂದಿನ ಸಾಕ್ಷಿಯೊಂದು ಇದೆಯೆಂದರೆ ಅದನ್ನು ಹಿಡಿದುಕೊಳ್ಳಲು ಯಾರಿಗೆ ತಾನೆ ಮನಸ್ಸಾಗದು? ಆದರೆ ಆ ನಾಟಕವನ್ನು ನಾಟಕವೆಂದು ಓದಿದವರು ನಮ್ಮಲ್ಲಿ ವಿರಳ. ಅದರೊಳಗಿನ ನಾಲ್ಕಾರು ಶಬ್ದಗಳನ್ನು ಮಾತ್ರ ನಾವು ಬಲ್ಲೆವು. ಗ್ರೀಕರ ರಂಗಭೂಮಿಯ ಸಂಪ್ರದಾಯವನ್ನು ಮುಂದಿಟ್ಟುಕೊಂಡು ನೋಡಿದರೆ ಈ ಸಾಕ್ಷಿಯ ತೂಕ ಎಷ್ಟು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೈರೋ ನಗರದ ದಕ್ಷಿಣಕ್ಕಿರುವ ಆಕ್ಸಿರಿಂಕಸ್ ಎಂಬ ಪ್ರಾಚೀನ ಪಟ್ಟಣದ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡಿನ ವಿದ್ವಾಂಸರಿಬ್ಬರು 1896ರಿಂದ ಉತ್ಖನನ ನಡೆಸಿ ಸಾವಿರಾರು ಪಪೈರಸ್ ತುಣುಕುಗಳನ್ನು ಹೊರತೆಗೆದರು. ಅವುಗಳಲ್ಲಿ 413ನೆಯ ಸಂಖ್ಯೆಯದನ್ನು 1903ರಲ್ಲಿ ಪ್ರಕಟಿಸಿದರು. ಹಾಳೆಯ ಆದಿಭಾಗ ನಷ್ಟವಾಗಿರುವುದರಿಂದ ಕೃತಿಯ ಹೆಸರು ತಿಳಿಯದು. ಖಾರಿತಿಯನ್ ಎಂಬ ನಾಯಿಕೆಯ ಹೆಸರಿನಿಂದಲೇ ಅದನ್ನು ಕರೆಯುವುದು ರೂಢಿ. ನಮ್ಮವರು ಚಾರಿಷನ್ ಎಂದೂ ಬರೆಯುವುದುಂಟು.

ಕಥೆ ಹೀಗಿದೆ. ಖಾರಿತಿಯನ್ ಎಂಬ ಗ್ರೀಕ್ ತರುಣಿ ಭಾರತದ ಕಡಲ ತೀರದಲ್ಲೆಲ್ಲೋ ಚಂದ್ರದೇವತೆಯಾದ ಸೆಲೀನೆಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಿಕೊಂಡು ಹೋಗಲು ಅಣ್ಣ ಹಡಗಿನಲ್ಲಿ ಬಂದಿದ್ದಾನೆ. ಜತೆಗೆ ಒಬ್ಬ ವಿದೂಷಕನಿದ್ದಾನೆ. ಬೇಟೆಯಿಂದ ಹಿಂದಿರುಗಿದ ಹೆಂಗಸರು ದೊಡ್ಡ ಬಿಲ್ಲುಗಳನ್ನು ಹಿಡಿದು ಅವನ ಮೇಲೆ ಬಾಣ ಹೂಡುತ್ತಾರೆ. ಅವನ ಪ್ರತ್ಯಸ್ತ್ರವೋ ಅಪಾನವಾಯು. ಗುಡಿಯ ಕಾಣಿಕೆಗಳನ್ನೂ ಕದ್ದೊಯ್ಯೋಣವೆಂದು ಅವನು ಸೂಚಿಸಿದಾಗ ಖಾರಿತಿಯನ್ ತಡೆಯುತ್ತಾಳೆ. ದೇವತೆಯಿಂದ ರಕ್ಷಣೆ ಬೇಡುವವರು ದೇವತೆಯ ಸೊತ್ತಿಗೆ ಕೈಹಾಕಬಾರದೆಂಬುದು ಅವಳ ನಿಲುವು. ಬಳಿಕ ಅಲ್ಲಿಯ ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸುತ್ತಾರೆ. ಗ್ರೀಕರು ಮದ್ಯಕ್ಕೆ ನೀರು ಬೆರೆಸಿಯೇ ಕುಡಿಯುವವರು. ಈ ನಾಡಿನವರಿಗೆ ಅದರ ಅಭ್ಯಾಸವಿಲ್ಲ, ಸಿಕ್ಕರೆ ಹಾಗೆಯೇ ಕುಡಿದುಬಿಡುತ್ತಾರೆ ಎಂದು ಪಾತ್ರವೊಂದು ಹೇಳುತ್ತದೆ. ಅರಸ ಅಮಲೇರಿ ಕುಣಿಯುತ್ತಾನೆ. ಅವನನ್ನು ಕಟ್ಟಿಹಾಕಿ ಎಲ್ಲರೂ ಹಡಗು ಹತ್ತುತ್ತಾರೆ.

ಗ್ರೀಕ್ ಸಾಹಿತ್ಯದ ಪರಿಚಯವುಳ್ಳವರಿಗೆ ಇದರ ಮೂಲ ಕೂಡಲೇ ಹೊಳೆಯುತ್ತದೆ. ಕ್ರಿ.ಪೂ. ಐದನೆಯ ಶತಮಾನದ ಯೂರಿಪಿಡೀಸನ ನಾಟಕದಲ್ಲಿ ಟಾರಿಸ್ ದೇಶದ ಆರ್ಟೆಮಿಸ್ ಗುಡಿಯಲ್ಲಿರುವ ಇಫಿಜಿನಿಯಾಳನ್ನು ತಮ್ಮನಾದ ಒರೆಸ್ಟಿಸ್ ಹೀಗೆಯೇ ಬಿಡಿಸಿಕೊಂಡು ಹೋಗುತ್ತಾನೆ. ಅಲ್ಲಿ ದೇವತೆಯ ವಿಗ್ರಹವನ್ನು ಒಯ್ಯುವುದು ದೈವಾಜ್ಞೆ. ಇಲ್ಲಿ ಅದೇ ಕಾರ್ಯ ವಿದೂಷಕನ ಕಳ್ಳಬುದ್ಧಿಯಾಗಿ ಇಳಿದಿದೆ. ಅಮಲೇರಿಸಿ ತಪ್ಪಿಸಿಕೊಳ್ಳುವ ಉಪಾಯವು ಒಕ್ಕಣ್ಣ ರಾಕ್ಷಸ ಸೈಕ್ಲೋಪ್ಸನಿಗೆ ಒಡಿಸಿಯಸ್ ಮಾಡಿದ ಮೋಸದಿಂದ ಬಂದದ್ದು. ಗಂಭೀರ ಕಥೆಗಳನ್ನು ಜನಸಾಮಾನ್ಯರ ನಗೆಯಾಟವಾಗಿ ತಿರುಗಿಸುವ ‘ಮೈಮ್’ ಎಂಬ ಪ್ರಕಾರಕ್ಕೆ ಈ ಕೃತಿ ಸೇರಿದೆ. ಹಾಳೆಯ ನಡುನಡುವೆ ಡೋಲನ್ನೂ ತಾಳವನ್ನೂ ಬಾರಿಸಬೇಕಾದ ಕಡೆ ಗುರುತುಗಳಿವೆ. ಯಕ್ಷಗಾನದ ಪ್ರಸಂಗಪ್ರತಿಯಲ್ಲಿ ತಾಳದ ಹೆಸರು ನಮೂದಿಸಿರುವುದನ್ನು ಕಂಡವರಿಗೆ ಇದು ಹೊಸದಲ್ಲ. ಇದು ಪಂಡಿತರ ಪ್ರತಿಯಲ್ಲ, ಮೇಳದವರ ಪ್ರತಿ. ಮುಂದಿನ ವಿಚಾರಕ್ಕೆ ಈ ಅಂಶ ಮುಖ್ಯ.

ಅರಸನೂ ಅವನ ಜನರೂ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವಿರಬಹುದೆಂದು 1904ರಲ್ಲಿ ಸೂಚಿಸಿದವರು ಜರ್ಮನ್ ವಿದ್ವಾಂಸ ಹುಲ್ಷ್. ಅವರು ಅದಕ್ಕೆ ಮುನ್ನ ಹದಿನೇಳು ವರ್ಷಗಳಷ್ಟು ಕಾಲ ಮದರಾಸು ಸರ್ಕಾರದ ಶಾಸನತಜ್ಞರಾಗಿದ್ದವರು. ಆದ್ದರಿಂದ ಈ ಊಹೆಯ ಬೇರು ಒಂದರ್ಥದಲ್ಲಿ ನಮ್ಮ ಈ ನಗರದಲ್ಲೇ ಇದೆಯೆನ್ನಬಹುದು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಮೈಸೂರು ಪ್ರಾಚ್ಯವಸ್ತು ಇಲಾಖೆಯ 1926ರ ವರದಿಯಲ್ಲಿ ಈ ವಾದವನ್ನು ವಿಸ್ತರಿಸಿದರು. ಅದೇ ವರ್ಷ ಎಲ್.ಡಿ. ಬಾರ್ನೆಟ್ ಅದನ್ನು ಅಲ್ಲಗಳೆದರು. ಮುಂದೆ ಬಿ.ಎ. ಸಾಲೆತೊರೆಯವರು ಕಥೆ ನಡೆದ ಸ್ಥಳ ಕಾರವಾರಕ್ಕೂ ಕಾಞಂಗಾಡಿಗೂ ನಡುವಣ ಒಂದು ರೇವೆಂದು ನಿರ್ಣಯಿಸಿದರು. ಆ ಮಾತು ತುಳುವೆಂದು ವಾದಿಸಿದವರೂ ಉಂಟು.

ಇನ್ನು ಶಬ್ದಗಳನ್ನು ನೋಡೋಣ. ‘ಕೊಂಜೆಯ್’ ಎಂಬುದನ್ನು ‘ಕೊಂಚ’ ಎಂದೂ, ‘ಪೆತ್ರೆಕಿಯೊ’ ಎಂಬುದನ್ನು ‘ಪಾತ್ರಕ್ಕೆ’ ಎಂದೂ, ‘ದಮುನ್’ ಎಂಬುದನ್ನು ‘ಮಧು’ ಎಂದೂ, ‘ಪಕ್ತೆಯ್’ ಎಂಬುದನ್ನು ‘ಹಾಕಿ’ ಎಂದೂ ಓದಿದ್ದಾರೆ. ಸನ್ನಿವೇಶ ಮದ್ಯಪಾನದ್ದಾಗಿರುವುದರಿಂದ ಅರ್ಥ ಹೊಂದುತ್ತದೆ, ಅದನ್ನು ಒಪ್ಪಬೇಕು. ಕೊನೆಯ ಶಬ್ದದಲ್ಲಿ ಹಕಾರದ ಬದಲು ಪಕಾರವಿರುವುದೂ ಅನುಕೂಲವೇ. ಕನ್ನಡದ ಪಕಾರ ಹಕಾರವಾದದ್ದು ಬಹಳ ಕಾಲದ ಮೇಲೆ. ಆದರೆ ‘ದಮುನ್’ ಎಂಬುದು ‘ಮಧು’ವಾಗಲು ಅಕ್ಷರಗಳು ಹಿಂದುಮುಂದಾಗಬೇಕು. ‘ಮಧು’, ‘ಪಾತ್ರ’ ಇವೆರಡೂ ಸಂಸ್ಕೃತ ಶಬ್ದಗಳಾದ್ದರಿಂದ ಇವು ಯಾವ ಭಾರತೀಯ ಭಾಷೆಗೂ ಸಾಕ್ಷಿ ಹೇಳಬಲ್ಲವು. ಅದಕ್ಕೂ ಮಿಗಿಲಾದ ತೊಡಕೆಂದರೆ, ಪಪೈರಸ್ಸಿನ ಬರವಣಿಗೆಯಲ್ಲಿ ಪದಗಳ ನಡುವೆ ತೆರಪಿಲ್ಲ. ಪದವಿಭಾಗ ಮಾಡುವವರು ನಾವು. ನಮ್ಮ ಕಿವಿ ಯಾವ ಭಾಷೆಗೆ ಒಗ್ಗಿದೆಯೋ ಆ ಭಾಷೆ ಅಲ್ಲಿ ಕೇಳಿಸುತ್ತದೆ.

ಒಮ್ಮೆ ವೆಸ್ಟ್ ಮಾಂಬಲಂನ ನಮ್ಮ ಬೀದಿಯ ತಮಿಳು ಮಿತ್ರರೊಬ್ಬರಿಗೆ ಇದು ಯಾವ ಗ್ರಂಥದ್ದೆಂದು ಹೇಳದೆ ಈ ಅಕ್ಷರಗಳನ್ನು ಓದಿ ಹೇಳಿದೆ. ಅವರು ತಡಮಾಡದೆ ‘ಕೊಂಜಂ’ ಎಂದರು. ಹಾಲಿನ ಅಂಗಡಿಯಲ್ಲಿ ದಿನವೂ ಕೇಳುವ ಆ ಶಬ್ದ ಗ್ರೀಕ್ ಬರವಣಿಗೆಗೆ ನಮ್ಮ ‘ಕೊಂಚ’ಕ್ಕಿಂತ ಹತ್ತಿರವಾಗಿಯೇ ಇದೆಯೆಂದು ಆಗ ಹೊಳೆದು ಸ್ವಲ್ಪ ಪೆಚ್ಚಾದೆ. ಬ್ಯಾಂಕಿನಲ್ಲಿ ಕೆಲಸಮಾಡುವ ನನಗೆ ರುಜುಗಳನ್ನು ಹೋಲಿಸಿ ನೋಡುವುದು ನಿತ್ಯದ ಕರ್ತವ್ಯ. ಮೊದಲಕ್ಷರ ಕೂಡಿತೆಂದು ಹಣ ಕೊಡುವವನು ಆ ಕುರ್ಚಿಯಲ್ಲಿ ಬಹುಕಾಲ ಕೂರಲಾರ.

ಗ್ರೀಕರ ರಂಗಭೂಮಿಯ ಸಂಪ್ರದಾಯವಾದರೂ ಇದಕ್ಕೆ ನಿರ್ಣಯ ಕೊಡುವುದೇ? ದುರಂತ ನಾಟಕದಲ್ಲಿ ಪರದೇಶದವರೂ ಶುದ್ಧ ಗ್ರೀಕ್ ಭಾಷೆಯನ್ನೇ ಆಡುತ್ತಾರೆ. ಬಿ.ಎಂ.ಶ್ರೀಯವರು 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ ಈಸ್ಕಿಲಸನ ನಾಟಕದಲ್ಲಿ ಶತ್ರುಗಳ ರಾಜಮಾತೆಯ ಮಾತಿಗೂ ಘನತೆಯಿದೆ. ಹಾಸ್ಯದಲ್ಲಿ ಹಾಗಲ್ಲ. ಕ್ರಿ.ಪೂ. 425ರ ಅರಿಸ್ಟಾಫನೀಸನ ‘ಅಖಾರ್ನಿಯನ್ನರು’ ನಾಟಕದ ಪಾರಸಿಕ ದೂತನ ಮಾತು ಪಾರಸಿಯಂತೆ ಕೇಳಿಸುವ ಗೊಣಗಾಟವೇ ಅಥವಾ ನಿಜವಾದ ಪಾರಸಿಯೇ ಎಂಬುದು ಇಂದಿಗೂ ಚರ್ಚೆಯಲ್ಲಿದೆ. ಇನ್ನೊಂದು ಕಡೆ, ಗ್ರೀಕ್ ಹಾಸ್ಯದ ಜಾಡಿನಲ್ಲಿ ನಡೆದ ರೋಮಿನ ಪ್ಲಾಟಸನ ‘ಪೊಯೆನುಲುಸ್’ ನಾಟಕದ ಕಾರ್ಥೇಜಿನವನು ಆಡುವುದು ನಿಜವಾದ ಪ್ಯೂನಿಕ್ ಭಾಷೆ. ಅಲ್ಲಿ ಒಬ್ಬ ಆಳು ತಾನು ಆ ಭಾಷೆ ಬಲ್ಲವನೆಂದು ತಪ್ಪುತಪ್ಪಾಗಿ ಅನುವಾದಿಸಿ ನಗಿಸುತ್ತಾನೆ. ನಮ್ಮ ಪ್ರಹಸನದಲ್ಲೂ ಅರಸನ ‘ಬ್ರಾಥಿಸ್’ ಎಂಬ ಮಾತಿಗೆ, ಪಾಲಿಗಾಗಿ ಚೀಟಿ ಎತ್ತೋಣವೆನ್ನುತ್ತಿದ್ದಾನೆ ಎಂಬ ಅರ್ಥವನ್ನು ಗ್ರೀಕಿನಲ್ಲಿ ಕೊಡಲಾಗಿದೆ. ಕೃತಿಯೊಳಗೇ ದೊರೆಯುವ ಇಂತಹ ಅರ್ಥ ಬಹುಮೂಲ್ಯವೆಂದು ಮೊದಲು ತೋರುತ್ತದೆ. ಆದರೆ ಪ್ರಹಸನದ ದುಭಾಷಿಯನ್ನು ಎಷ್ಟು ನಂಬಬಹುದೆಂಬುದನ್ನು ಪ್ಲಾಟಸನೇ ತೋರಿಸಿದ್ದಾನೆ.

ನನ್ನ ಅಭಿಪ್ರಾಯದಲ್ಲಿ, ಪಶ್ಚಿಮ ಕರಾವಳಿಗೆ ಬಂದುಹೋದ ನಾವಿಕರ ಬಾಯಿಂದ ಕೆಲವು ದ್ರಾವಿಡ ಶಬ್ದಗಳು ಅಲೆಕ್ಸಾಂಡ್ರಿಯಾವನ್ನು ಸೇರಿ, ನಟರ ನಾಲಗೆಯಲ್ಲಿ ತಿರುಚಿಕೊಂಡು ಈ ಹಾಳೆಗೆ ಇಳಿದಿರುವುದು ಸಂಭವನೀಯ. ಅವು ಕನ್ನಡವೇ ಎಂಬುದು ಸಿದ್ಧವಾಗಿಲ್ಲ. ಗ್ರೀಕರಿಗೆ ಕನ್ನಡನಾಡಿನ ಪರಿಚಯವಿತ್ತೆನ್ನಲು ಈ ಪ್ರಹಸನ ಬೇಕಾಗಿಯೂ ಇಲ್ಲ. ಸುಮಾರು 150ರಲ್ಲಿ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ಬನವಾಸಿಯನ್ನು ಹೆಸರಿಸಿದ್ದಾನೆ. ಬಾದಾಮಿಯನ್ನೂ ಅಲ್ಲಿ ವಿದ್ವಾಂಸರು ಗುರುತಿಸಿದ್ದಾರೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ನೆಲದಲ್ಲಿ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿವೆ. ಅಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನದ ವರದಿ ಎಲ್ಲರಿಗೂ ಲಭ್ಯವಿದೆ.

ಆದರೂ 413ನೆಯ ಪಪೈರಸ್ಸಿನ ಕೆಲಸ ಮುಗಿದಿಲ್ಲ. ಇದುವರೆಗೆ ನಮ್ಮವರು ಬಹುಮಟ್ಟಿಗೆ ಅರ್ಥ ಹೊಂದಿದ ಶಬ್ದಗಳನ್ನೇ ಎತ್ತಿ ತೋರಿಸುತ್ತ ಬಂದಿದ್ದಾರೆ. ಅರಸನ ಮತ್ತು ಪರಿವಾರದ ಮಾತುಗಳನ್ನೆಲ್ಲ ಒಂದನ್ನೂ ಬಿಡದೆ ಪಟ್ಟಿಮಾಡಬೇಕು. ಕನ್ನಡ, ತುಳು, ತಮಿಳು, ಪ್ರಾಕೃತ ಬಲ್ಲ ನಾಲ್ವರು ಅವನ್ನು ಬೇರೆ ಬೇರೆಯಾಗಿ ಓದಿ, ಹೊಂದದೆ ಉಳಿದವು ಎಷ್ಟೆಂಬುದನ್ನೂ ಬರೆದಿಡಬೇಕು. ಈ ನಾಲ್ಕು ಭಾಷೆಗಳನ್ನು ಬಲ್ಲವರು ಒಟ್ಟಿಗೆ ಸೇರಬಹುದಾದ ಊರುಗಳಲ್ಲಿ ಚೆನ್ನೈ ಒಂದು.