ಬೇಟೆಗಾಡಿಯ ಬುತ್ತಿ

ಬೇಟೆಯೆಂದೊಡನೆ ನಮಗೆ ಬಂದೂಕು, ಮಚಾನು, ಪಂಜುಗಳು ನೆನಪಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಆ ಮಾತು ಬಹುಮಟ್ಟಿಗೆ ಅಜ್ಜಂದಿರ ಕಥೆಗಳಲ್ಲಿ ಮಾತ್ರ ಉಳಿದಿದೆ. ಅಷ್ಟು ಉಳಿದರೆ ಸಾಕು. ಆದರೆ ಅಮೆರಿಕದ ಅಲಾಸ್ಕದಲ್ಲಿ ಅನೇಕ ಮನೆಗಳಿಗೆ ಬೇಟೆ ಇಂದಿಗೂ ಚಳಿಗಾಲದ ಅಡಿಗೆಯ ಪ್ರಶ್ನೆ. ಅಲ್ಲಿನ ಫೇರ್‌ಬ್ಯಾಂಕ್ಸ್ ಪಟ್ಟಣದಲ್ಲಿ ಅಣ್ಣನ ಮನೆಯಲ್ಲಿ ಒಂದು ಸೆಪ್ಟೆಂಬರ್ ತಿಂಗಳು ಇದ್ದಾಗ, ನೆರೆಮನೆಯ ಮುದುಕರೊಬ್ಬರು ಬೇಟೆಗೆ ಗಂಟು ಕಟ್ಟುವುದನ್ನು ದಿನವೆಲ್ಲ ನೋಡಿದೆ. ಮಾಂಸ ಮುಟ್ಟದವನಿಗೆ ಬೇಟೆಯಲ್ಲೇನು ಆಸಕ್ತಿ ಎಂದು ವಾಚಕರು ಕೇಳಬಹುದು. ನನ್ನ ಆಸಕ್ತಿಯೆಲ್ಲ ಆ ಗಂಟಿನ ಮೇಲೆಯೇ.

ಅವರ ವಾಹನಕ್ಕೆ ಕ್ವಾಡ್ ಎಂದು ಹೆಸರು. ಮೋಟಾರುಬೈಕಿನಂತೆ ಹಿಡಿ, ಕಾಲು ಚಾಚಿ ಕೂರುವ ಆಸನ, ಕೆಳಗೆ ನಾಲ್ಕು ದಪ್ಪ ಗಾಲಿ. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಮಾರಲಾರಂಭಿಸಿದ ಗಾಡಿಗೆ ಮೂರೇ ಗಾಲಿ. ಅವು ಮಗುಚಿಕೊಳ್ಳುವುದು ಹೆಚ್ಚಾಗಿ, 1988ರಲ್ಲಿ ತಯಾರಕರು ಅಲ್ಲಿನ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಮಾರಾಟ ನಿಲ್ಲಿಸಿದರು. ನಾಲ್ಕು ಗಾಲಿಯದು 1982ರಲ್ಲೇ ಸುಜುಕಿಯಿಂದ ಬಂದಿತ್ತು. ಆಸನ ಉದ್ದವಾಗಿದೆಯೆಂದು ನಾನು ಹಿಂದೆ ಕೂರಲು ಹೋದೆ, ಮುದುಕರು ಬೇಡವೆಂದರು. ಅದು ಇಬ್ಬರಿಗಲ್ಲವಂತೆ. ಏರಿನಲ್ಲಿ ಮುಂದಕ್ಕೂ ಇಳುಕಲಿನಲ್ಲಿ ಹಿಂದಕ್ಕೂ ಸವಾರ ಜರುಗಲೆಂದು ಆ ಉದ್ದ.

ಮೊದಲು ಅವರು ಎರಡು ರಾಶಿ ಮಾಡಿದರು: ಒಂದು ಗಾಡಿಗೆ, ಒಂದು ಮೈಗೆ. ಈ ಭೇದವೇ ಇಲ್ಲಿ ಮುಖ್ಯ. ಕೆಲವು ವರ್ಷಗಳ ಹಿಂದೆ ಅವರ ಗಾಡಿ ಜೌಗಿನಲ್ಲಿ ಮುಳುಗಿತು. ಬೆಂಕಿಪೊಟ್ಟಣ, ನಕ್ಷೆ, ಒಣಬಟ್ಟೆಗಳೆಲ್ಲ ಗಾಡಿಯ ಪೆಟ್ಟಿಗೆಯಲ್ಲೇ ಇದ್ದವು, ಪೆಟ್ಟಿಗೆ ಕೆಸರಿನೊಳಗೆ. ಎರಡು ರಾತ್ರಿ ಒದ್ದೆಬಟ್ಟೆಯಲ್ಲಿ ನಡುಗುತ್ತ ನಡೆದು ಬಂದರು. "ಇದು ಒಂದು ಗಂಟೆಯಲ್ಲಿ ಹೋಗುವ ದೂರವನ್ನು ನಾನು ಒಂದು ದಿನದಲ್ಲಿ ನಡೆಯಲಾರೆ" ಎಂದರು. ಆದ್ದರಿಂದ ಬೆಂಕಿ ಹೊತ್ತಿಸುವ ಸಾಧನ ಎರಡು ಬಗೆ, ದಿಕ್ಸೂಚಿ, ನಕ್ಷೆ, ಚಾಕು, ತಲೆದೀಪ, ಗಾಯದ ಕಟ್ಟು, ಉಣ್ಣೆಯ ಟೋಪಿ, ಮಳೆಯಂಗಿ, ಒಂದು ದಿನದ ತಿಂಡಿ ಬೆನ್ನಚೀಲಕ್ಕೆ. ದೂರವಾಣಿಯ ಗೋಪುರವಿಲ್ಲದ ಕಡೆ ಉಪಗ್ರಹದ ಮೂಲಕ ಸುದ್ದಿ ಕಳಿಸುವ ಅಂಗೈಯಗಲದ ಯಂತ್ರವೊಂದು ಎದೆಯ ಜೇಬಿಗೆ. ಕರಡಿಗೆ ಎರಚುವ ಮೆಣಸಿನ ಡಬ್ಬಿಯೂ ಎದೆಗೇ. ಪೆಟ್ಟಿಗೆಯ ತಳದಲ್ಲಿಟ್ಟರೆ, ತೆಗೆಯುವವರೆಗೆ ಕರಡಿ ಕಾಯುತ್ತದೆಯೆ?

ಇನ್ನು ಗಾಡಿಯ ಪಾಲು. ಇದರ ಗಾಲಿಗಳಲ್ಲಿ ಗಾಳಿಯ ಒತ್ತಡ ಐದಾರು ಪೌಂಡು ಮಾತ್ರ. ಕಾರಿನ ಅಳತೆಗೋಲು ಅದನ್ನು ಸರಿಯಾಗಿ ತೋರಿಸದು. ಅದಕ್ಕೆ ಬೇರೆ ಅಳತೆಗೋಲು, ರಂಧ್ರ ಮುಚ್ಚುವ ಬತ್ತಿ, ಸಣ್ಣ ಪಂಪು. ಇಂಜಿನ್ನಿನ ಶಕ್ತಿಯನ್ನು ದಾಟಿಸುವ ರಬ್ಬರಿನ ಪಟ್ಟಿ ಮತ್ತೊಂದು, ಅದನ್ನು ಬದಲಿಸುವ ಸಲಕರಣೆ ಸಮೇತ. (ಪಟ್ಟಿಯೊಯ್ದು ಸ್ಪ್ಯಾನರು ಮರೆಯುವವರೂ ಇದ್ದಾರಂತೆ!) ಗಾಡಿಯ ಮೂತಿಗೆ ರಾಟೆಯೊಂದಿದೆ, ಅದರ ಹಗ್ಗವನ್ನು ಮರಕ್ಕೆ ಕಟ್ಟಿದರೆ ಗಾಡಿ ತನ್ನನ್ನು ತಾನೇ ಕೆಸರಿನಿಂದ ಎಳೆದುಕೊಳ್ಳುತ್ತದೆ. ಮರದ ತೊಗಟೆ ಸುಲಿಯದಂತೆ ಅಗಲದ ಪಟ್ಟೆ ಬೇಕು. ಮರವೇ ಇಲ್ಲದ ಬಯಲಿನಲ್ಲಿ ದಿಮ್ಮಿಯೊಂದನ್ನು ನೆಲದಲ್ಲಿ ಹೂತು ಅದಕ್ಕೆ ಕಟ್ಟಬೇಕು. ಅದಕ್ಕಾಗಿ ಗುದ್ದಲಿ, ಕೊಡಲಿ. ಪೆಟ್ರೋಲಿನ ಲೆಕ್ಕ ಮೂರು ಭಾಗ: ಹೋಗಲು ಒಂದು, ಬರಲು ಒಂದು, ಕೇಡುಗಾಲಕ್ಕೊಂದು.

ಗಾಡಿಯನ್ನು ತುಂಬಿ ಬಿಡಬಾರದೇಕೆಂಬುದು ನನಗೆ ಮೊದಲು ತಿಳಿಯಲಿಲ್ಲ. ಕಾರಣ ಮೂಸ್ ಎಂಬ ಮೃಗ. ನಮ್ಮ ಕಡವೆಯ ಬಳಗದ್ದೇ, ಆದರೆ ದೊಡ್ಡ ಗಂಡು 600 ಕಿಲೋ ಮೀರುತ್ತದೆ. ಅದರಿಂದ ಬರುವ ಮಾಂಸವೇ ಸುಮಾರು 225 ಕಿಲೋ. ಗಾಡಿಯ ಮುಂದಿನ ಜಾಲರಿ ಸುಮಾರು 40 ಕಿಲೋ, ಹಿಂದಿನದು 80 ಕಿಲೋ ತಾಳೀತು. ಹಿಂದೆ ಭಾರ ಹೆಚ್ಚಾದರೆ ಏರಿನಲ್ಲಿ ಮುಂಗಾಲಿ ಮೇಲೇಳುತ್ತದೆ. ಎತ್ತರಕ್ಕೆ ಪೇರಿಸಿದರೆ ಅಡ್ಡ ಇಳುಕಲಿನಲ್ಲಿ ಮಗುಚುತ್ತದೆ. ಎರಡು ಮೂರು ಸಲ ಓಡಾಡಲೇಬೇಕು. ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಅಲ್ಲಿ ಅಪರಾಧ. ಅಷ್ಟೇ ಅಲ್ಲ, ಮಾಂಸದ ಕೊನೆಯ ಹೊರೆಗೆ ಮುಂಚೆ ಕೊಂಬನ್ನು ಸಾಗಿಸಕೂಡದೆಂದು ನಿಯಮವುಂಟು. ಮನುಷ್ಯನ ಚಪಲವನ್ನು ಚೆನ್ನಾಗಿ ಬಲ್ಲವನೇ ಈ ನಿಯಮ ಬರೆದಿರಬೇಕು. ಮಾಂಸ ಕೆಡದಿರಲು ಚರ್ಮ ಬೇಗ ಸುಲಿದು, ಗಾಳಿಯಾಡುವ ಹತ್ತಿಬಟ್ಟೆಯ ಚೀಲಗಳಲ್ಲಿ ನೆರಳಿಗೆ ತೂಗುಹಾಕುತ್ತಾರೆ. ಪ್ಲಾಸ್ಟಿಕ್ಕು ಕೂಡದು, ಬಿಸಿ ಹೊರಹೋಗದೆ ಹಳಸುತ್ತದೆ. ಎಂಟು ಚೀಲಗಳನ್ನು ಮಡಿಸಿಕೊಟ್ಟವನು ನಾನೇ.

ಬಂದೂಕನ್ನು ಎಲ್ಲಕ್ಕಿಂತ ಕೊನೆಗೆ, ಗುಂಡು ತೆಗೆದು, ಪೆಟ್ಟಿಗೆಯೊಳಗಿಟ್ಟು ಕಟ್ಟಿದರು. ಅದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಯಾವ ದಾರಿ, ಗಾಡಿಯ ಬಣ್ಣ, ಎಲ್ಲಿ ಬಿಡಾರ, ಎಂದು ವಾಪಸು ಎಂದೆಲ್ಲ ಅದರಲ್ಲಿತ್ತು. ಗುರುವಾರ ರಾತ್ರಿ ಒಂಬತ್ತರೊಳಗೆ ಬಾರದಿದ್ದರೆ ಪೊಲೀಸರಿಗೆ ತಿಳಿಸುವುದು ನನ್ನ ಹೊಣೆ. ಬುಧವಾರ ಹೊರಗೆ ಮಂಜು ಬಿತ್ತು. ಗುರುವಾರ ಸಂಜೆಯಿಂದ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಎಂಟೂಮುಕ್ಕಾಲಿಗೆ ಅವರ ಟ್ರಕ್ಕಿನ ದೀಪ ಕಂಡಿತು. ಚೀಲಗಳು ಐದು ತುಂಬಿದ್ದವು, ಮೇಲೆ ಕೊಂಬು. ಒಳಗೆ ಬಂದವರು ಮೊದಲು ಚೀಟಿ ಕೇಳಿ ಪಡೆದು, ಒಲೆಗೆ ಹಾಕಿ, ಆಮೇಲೆ ಬೂಟು ಬಿಚ್ಚಿದರು.